ಅಂಗಡಿಯ ಹಿಂದಿನ ಅಡುಗೆಮನೆಯ ಲೆಕ್ಕವೂ ಬರಲಿ

ಮಾನ್ಯ ಸಂಪಾದಕರೇ,

ಅಮೆರಿಕದ ಮಧ್ಯಪಶ್ಚಿಮ ಬಯಲಿಗೆ ವಲಸೆ ಹೋದ ರೈತರ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಎರಡು ಸಲ ಓದಿದೆ. ನಾರ್ವೆಯವರ ಬಗ್ಗೆ, ಜರ್ಮನ್ನರ ಬಗ್ಗೆ ಲೇಖಕರು ಮನಸ್ಸಿಟ್ಟು ಬರೆದಿದ್ದಾರೆ. ಯಹೂದಿಗಳ ವಿಷಯ ಬಂದಾಗ ಮಾತ್ರ ಎರಡೇ ಸಾಲು: ಅವರು ಮೂಲತಃ ವ್ಯಾಪಾರಿಗಳು, ಬೇಸಾಯ ಕೈಹತ್ತಲಿಲ್ಲ, ಹೊಲ ಬಿಟ್ಟು ಪೇಟೆ ಸೇರಿದರು ಎಂದು. ಹೆಂಗಸರ ಮಾತೇ ಇಲ್ಲ. ಅವರು ಹೊಲ ಬಿಟ್ಟದ್ದು ನಿಜ, ಕೊನೆಗೆ ಆ ಸಣ್ಣ ಪೇಟೆಗಳನ್ನೂ ಬಿಟ್ಟದ್ದು ನಿಜ. ಆದರೆ ಕಾರಣವನ್ನು ಹೊಲದಲ್ಲಿ ಹುಡುಕಿದರೆ ಸಿಗುವುದಿಲ್ಲ. ಅದು ಆ ಮನೆಗಳ ಅಡುಗೆಮನೆಯಲ್ಲಿದೆ, ಮತ್ತು ಆ ಭಾರವನ್ನೆಲ್ಲ ಹೊತ್ತವಳು ಹೆಂಗಸು. ಈ ಪತ್ರ ಅದಕ್ಕಾಗಿ.

ಮೊದಲು 'ಮೂಲತಃ ವ್ಯಾಪಾರಿಗಳು' ಎಂಬ ಮಾತು. 1881ರಲ್ಲಿ ರಷ್ಯಾದ ಚಕ್ರವರ್ತಿ ಎರಡನೆಯ ಅಲೆಕ್ಸಾಂಡರನ ಕೊಲೆಯಾದ ಮೇಲೆ ಅಲ್ಲಿ ಯಹೂದಿಗಳ ಮೇಲೆ ದೊಂಬಿಗಳು ನಡೆದವು. 1882ರ ಮೇ ತಿಂಗಳ ಕಾಯ್ದೆಗಳು ಅವರು ಪೇಟೆ ಪಟ್ಟಣಗಳ ಹೊರಗೆ ಹೊಸದಾಗಿ ನೆಲೆಸುವುದನ್ನೂ, ಹಳ್ಳಿಗಾಡಿನಲ್ಲಿ ಜಮೀನು ಕೊಳ್ಳುವುದನ್ನೂ ತಡೆದವು. ನೆಲ ಮುಟ್ಟಬೇಡ ಎಂದು ಸರ್ಕಾರವೇ ಕಟ್ಟಳೆ ಮಾಡಿದ ಜನರನ್ನು 'ಬೇಸಾಯ ಗೊತ್ತಿಲ್ಲದವರು' ಎಂದು ದೂರುವುದು ನ್ಯಾಯವಲ್ಲ. ಅಷ್ಟಾಗಿಯೂ ದಕ್ಷಿಣದ ಖೆರ್ಸೋನ್ ಸೀಮೆಯಲ್ಲಿ ಯಹೂದಿ ರೈತರ ಹಳ್ಳಿಗಳು 19ನೆಯ ಶತಮಾನದ ಆರಂಭದಿಂದಲೂ ಇದ್ದವು.

ಅಮೆರಿಕದ 1862ರ ಹೋಮ್‌ಸ್ಟೆಡ್ ಕಾಯ್ದೆ 160 ಎಕರೆ ಸರ್ಕಾರಿ ಜಮೀನು ಕೊಡುತ್ತಿತ್ತು. 21 ವರ್ಷ ತುಂಬಿರಬೇಕು ಅಥವಾ ಮನೆಯ ಯಜಮಾನ ಆಗಿರಬೇಕು. ಪೌರತ್ವ ಇರಬೇಕು, ಇಲ್ಲದಿದ್ದರೆ ಪಡೆಯುವ ಇರಾದೆಯನ್ನು ಬರೆದುಕೊಟ್ಟಿರಬೇಕು. ಐದು ವರ್ಷ ಅಲ್ಲೇ ವಾಸವಿದ್ದು ಉಳಬೇಕು. 1912ರಲ್ಲಿ ಐದು ವರ್ಷ ಮೂರಕ್ಕೆ ಇಳಿಯಿತು. ಲೇಖನದಲ್ಲಿ ಇದು ಬಿಟ್ಟುಹೋಗಿದೆ. ಹೆಂಗಸರ ಮಟ್ಟಿಗೆ ಮುಖ್ಯವಾದ ಅಂಶ ಇನ್ನೊಂದಿದೆ. ಮದುವೆಯಾಗದ ಹೆಣ್ಣು, ವಿಧವೆ ಸ್ವಂತ ಹೆಸರಿನಲ್ಲಿ ಅರ್ಜಿ ಹಾಕಬಹುದಿತ್ತು. ಗಂಡ ಜೊತೆಗಿರುವ ಹೆಂಡತಿಗೆ ಸಾಮಾನ್ಯವಾಗಿ ಆ ಹಕ್ಕಿರಲಿಲ್ಲ. ಹಾಗಾಗಿ ಹೆಣ್ಣು ಮದುವೆಗೆ ಮುಂಚೆಯೇ ಅರ್ಜಿ ಹಾಕಿ ಕರಾರು ಪೂರೈಸಿದ್ದರೆ ಆ ಮನೆಗೆ 320 ಎಕರೆ ಆಗಬಹುದಿತ್ತು. ಪೌರತ್ವ ಮಾತ್ರ 1922ರವರೆಗೂ ಗಂಡನದನ್ನೇ ಹಿಂಬಾಲಿಸುತ್ತಿತ್ತು: ಅವನು ಕಾಗದ ಪೂರೈಸಿದರೆ ಅವಳೂ ಪೌರಳು, ಇಲ್ಲದಿದ್ದರೆ ಇಲ್ಲ.

ಉತ್ತರ ಡಕೋಟಾದ ಮ್ಯಾಕಿಂಟಾಶ್ ಕೌಂಟಿಯನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. 1905ರ ಸುಮಾರಿಗೆ ಅಲ್ಲಿನ ಆಶ್ಲಿ ಎಂಬ ಸಣ್ಣ ಪೇಟೆಯ ಉತ್ತರಕ್ಕೆ ರಷ್ಯಾದಿಂದ ಬಂದ ಯಹೂದಿ ಕುಟುಂಬಗಳು ಜಮೀನು ಹಿಡಿದವು. ಸುತ್ತ ಇದ್ದವರು ಹೆಚ್ಚಾಗಿ ಕಪ್ಪುಸಮುದ್ರದ ಒಡೆಸ್ಸಾ ಸೀಮೆಯಿಂದಲೇ ಬಂದ ಜರ್ಮನ್ನರು. ಯಹೂದಿ ಹೆಂಗಸಿನ ಮನೆಮಾತು ಯಿದ್ದಿಷ್. ಅದು ಜರ್ಮನ್‌ಗೆ ಹತ್ತಿರದ ಭಾಷೆ. ಇಂಗ್ಲಿಷಿನ ಒಂದಕ್ಷರ ಬಾರದಿದ್ದರೂ ಅವಳು ನೆರೆಯವಳ ಹತ್ತಿರ ಹೆಪ್ಪು ಕೇಳಬಹುದಿತ್ತು, ಸೂಲಗಿತ್ತಿಯನ್ನು ಕರೆಯಬಹುದಿತ್ತು, ಅಂಗಡಿ ಇಟ್ಟ ಮೇಲೆ ಗಿರಾಕಿಯ ಜೊತೆ ಚೌಕಾಸಿ ಮಾಡಬಹುದಿತ್ತು. ಮುಂದೆ ಈ ಕುಟುಂಬಗಳಲ್ಲಿ ಹಲವು ಆಶ್ಲಿ, ವಿಶೆಕ್‌ನಂಥ ಪೇಟೆಗಳಲ್ಲಿ ಅಂಗಡಿ ತೆರೆದು ನಿಂತದ್ದಕ್ಕೆ ಈ ಭಾಷೆಯ ನಂಟು ದೊಡ್ಡ ಆಸರೆ.

ಹೊಲದ ಮೇಲಿನ ಮೊದಲ ವರ್ಷಗಳ ವಿಚಾರ ಲೇಖನದಲ್ಲಿ ಚೆನ್ನಾಗಿಯೇ ಬಂದಿದೆ, ನಾನು ಸೇರಿಸುವುದು ಸ್ವಲ್ಪ. ಮರವಿಲ್ಲದ ಬಯಲಲ್ಲಿ ಉರುವಲು ಎಂದರೆ ಒಣಗಿದ ಸಗಣಿ ಮತ್ತು ಹುರಿ ಹೊಸೆದ ಹುಲ್ಲು. ಬೆರಣಿಯಲ್ಲಿ ಅಡುಗೆ ಮಾಡಿದವರಿಗೆ ಇದು ವಿವರಿಸಬೇಕಿಲ್ಲ: ಕಾವು ಹದವಾಗಿರುತ್ತದೆ, ಆದರೆ ಬೇಗ ಬೂದಿಯಾಗುತ್ತದೆ, ಒಲೆಯ ಮುಂದಿನಿಂದ ಏಳುವ ಹಾಗಿಲ್ಲ. ಹುಲ್ಲಿನದಂತೂ ನಿಮಿಷಗಳ ಲೆಕ್ಕ. ಆಮೇಲೆ ಆ ರಾಜ್ಯದ್ದೇ ಲಿಗ್ನೈಟ್ ಕಲ್ಲಿದ್ದಲು ಬಂತು. ಅದರಲ್ಲಿ ತೇವ ಹೆಚ್ಚು, ಕಾವು ಕಡಿಮೆ, ಒಣಗಿದರೆ ಪುಡಿಪುಡಿ, ಬೂದಿಯೋ ರಾಶಿ. ಶುಕ್ರವಾರ ಸಂಜೆಯಿಂದ ಶನಿವಾರ ಕತ್ತಲಾಗುವವರೆಗಿನ ಶಬ್ಬಾತ್ ಎಂಬ ವಿರಾಮದ ದಿನ ಬೆಂಕಿ ಹೊತ್ತಿಸಬಾರದು, ಕೆದಕಬಾರದು ಎಂಬ ನೇಮವಿರುವ ಮನೆಯಲ್ಲಿ ಇಂಥ ಉರುವಲು ಎಷ್ಟು ಕಷ್ಟ ಎಂಬುದನ್ನು ಊಹಿಸಿ. ಕಾಳು, ಬಾರ್ಲಿ, ಆಲೂಗಡ್ಡೆ, ಮಾಂಸದ ತುಂಡು ಹಾಕಿದ ಚೋಲೆಂಟ್ ಎಂಬ ಹುಳಿಯಿಲ್ಲದ ಗಟ್ಟಿ ಸಾರನ್ನು ಶುಕ್ರವಾರ ಸೂರ್ಯ ಇಳಿಯುವ ಮುಂಚೆ ಒಲೆಗೇರಿಸಿ, ಕೆಂಡದ ಮೇಲೆ ತಗಡು ಮುಚ್ಚಿ, ಮರುದಿನ ಮಧ್ಯಾಹ್ನದವರೆಗೆ ಬಿಡಬೇಕು. ಮಧ್ಯೆ ನೀರು ಕಡಿಮೆಯಾದರೆ ತಳ ಹಿಡಿಯುತ್ತದೆ. ಕೆಂಡ ಆರಿದರೆ ಮಾಂಸ ಹಳಸುತ್ತದೆ. ಎರಡಕ್ಕೂ ಕೈಹಾಕುವ ಹಾಗಿಲ್ಲ. ಇಷ್ಟಿದ್ದೂ ಯಹೂದಿ ಧರ್ಮಶಾಸ್ತ್ರ ಕುರುಡಲ್ಲ. ಚಳಿಯ ವಿಷಯದಲ್ಲಿ ಎಲ್ಲರೂ ರೋಗಿಗಳೇ ಎಂಬ ಹಳೆಯ ವಿಧಿ ಅಲ್ಲಿದೆ. ಶೀತದೇಶದಲ್ಲಿ ಬೇರೆ ಧರ್ಮದ ನೆರೆಯವರು ಬಂದು ಒಲೆ ಹೊತ್ತಿಸಿಕೊಡಬಹುದು, ಜೀವಕ್ಕೇ ಅಪಾಯವಿದ್ದರೆ ಮನೆಯವರೇ ಹೊತ್ತಿಸಬೇಕು.

ಇನ್ನು ಮಾಂಸ. 'ಕೋಷರ್ ಅಂದರೆ ಹಂದಿ ತಿನ್ನದಿರುವುದು' ಎಂದು ಲೇಖನ ಅರ್ಥ ಹೇಳಿದೆ. ನಮ್ಮ ಮಡಿ ಮುಸುರೆಯನ್ನು 'ಈರುಳ್ಳಿ ತಿನ್ನದಿರುವುದು' ಎಂದು ವಿವರಿಸಿದ ಹಾಗಾಯಿತು. ಕೋಷರ್ ಅಂದರೆ ಯಹೂದಿಗಳ ಊಟದ ಇಡೀ ನೇಮ. ಹಾಲಿನ ಪಾತ್ರೆ ಬೇರೆ, ಮಾಂಸದ ಪಾತ್ರೆ ಬೇರೆ, ತೊಳೆಯುವ ಬೋಗುಣಿ ಬೇರೆ, ಒರೆಸುವ ಬಟ್ಟೆ ಬೇರೆ. ಮುಸುರೆ ಪಾತ್ರೆ ಬೇರೆ ಇಡುವ ಮನೆಯಲ್ಲಿ ಬೆಳೆದವರಿಗೆ ಇದರ ಓಡಾಟ ತಟ್ಟನೆ ತಿಳಿಯುತ್ತದೆ, ಹಿಂದಿನ ತತ್ವ ಬೇರೆಯಾದರೂ. ಒಂದೇ ಕೋಣೆಯ ಗುಡಿಸಲಲ್ಲಿ, ಒಂದೇ ಒಲೆಯಲ್ಲಿ, ಎರಡು ಸಂಸಾರದ ಪಾತ್ರೆ ನಿಭಾಯಿಸಿದ ಹಾಗೆ ಇದು.

ಪ್ರಾಣಿಯನ್ನು ಕೊಯ್ಯಬೇಕಾದವನು ಶೋಖೆತ್ ಎಂಬ ತರಬೇತಿ ಪಡೆದವನು. ಅವನ ಕತ್ತಿಯ ಅಲಗಿನಲ್ಲಿ ಒಂದು ಸಣ್ಣ ಮುಕ್ಕೂ ಇರಬಾರದು. ಉಗುರಿನ ಮೇಲೂ ಬೆರಳಿನ ಚರ್ಮದ ಮೇಲೂ ಎಳೆದು ನೋಡುತ್ತಾನೆ. ಕೊಯ್ದ ಮೇಲೆ ಶ್ವಾಸಕೋಶ ಪರೀಕ್ಷೆ. ಅದು ಸರಿಯಿದ್ದರೂ ದನದ ಹಿಂಭಾಗದಲ್ಲಿ ತೊಡೆಯ ನರ ಮತ್ತು ನಿಷಿದ್ಧ ಕೊಬ್ಬು ಇರುವುದರಿಂದ, ಅದನ್ನು ಬಿಡಿಸಬಲ್ಲವನಿಲ್ಲದೆ ಆ ಅರ್ಧ ನಿಷ್ಪ್ರಯೋಜಕ. ಅದನ್ನು ಜರ್ಮನ್ ನೆರೆಯವರಿಗೋ ಕಟುಕನಿಗೋ ಮಾರಬೇಕು.

ಆಮೇಲಿನ ಕೆಲಸ ಪೂರ್ತಿ ಹೆಂಗಸಿನದು. ಮಾಂಸವನ್ನು ತೊಳೆದು ಅರ್ಧ ಗಂಟೆ ನೀರಲ್ಲಿ ನೆನೆಹಾಕಬೇಕು. ತೆಗೆದು ನೀರು ಬಸಿಯಬೇಕು. ಓರೆಯಾಗಿಟ್ಟ ಹಲಗೆಯ ಮೇಲೆ ಹರಡಿ ಎಲ್ಲ ಮಗ್ಗುಲಿಗೂ, ಕೋಳಿಯಾದರೆ ಹೊಟ್ಟೆಯ ಒಳಗೂ, ಉಪ್ಪು ಹಚ್ಚಿ ಒಂದು ಗಂಟೆ ಬಿಡಬೇಕು. ರಕ್ತ ನಿಷಿದ್ಧ, ಅದು ಇಳಿದು ಹೋಗಲೆಂದೇ ಹಲಗೆ ಓರೆ. ಸಮತಟ್ಟಾದ ತಟ್ಟೆಯಲ್ಲಿಟ್ಟರೆ ಮಾಂಸ ಅದೇ ರಕ್ತದಲ್ಲಿ ಕೂತು ಕೆಡುತ್ತದೆ. ಉಪ್ಪಿನ ಹದವೂ ಮುಖ್ಯ. ನುಣ್ಣನೆ ಪುಡಿಯುಪ್ಪು ಕರಗಿ ಮಾಯವಾಗುತ್ತದೆ, ರಕ್ತ ಎಳೆಯುವುದಿಲ್ಲ. ತೀರ ದಪ್ಪ ಹರಳು ಉರುಳಿ ಬೀಳುತ್ತದೆ. ನಡುವಿನ ದಪ್ಪದ್ದೇ ಬೇಕು. ಕೊನೆಗೆ ಮೂರು ಸಲ ತೊಳೆಯಬೇಕು. ಪಿತ್ತಜನಕಾಂಗದಲ್ಲಿ ರಕ್ತ ಹೆಚ್ಚಾದ್ದರಿಂದ ಅದಕ್ಕೆ ಉಪ್ಪು ಸಾಲದು, ನೇರ ಬೆಂಕಿಯ ಮೇಲೆ ಸುಡಬೇಕು.

ಡಕೋಟಾದ ಚಳಿಗಾಲದಲ್ಲಿ ಈ ಕೆಲಸಕ್ಕೆ ಎರಡು ತೊಡಕು. ಮಾಂಸ ಹೆಪ್ಪುಗಟ್ಟಿದ್ದರೆ ಉಪ್ಪು ಹಚ್ಚಿ ಪ್ರಯೋಜನವಿಲ್ಲ, ಪೂರ್ತಿ ಸಡಿಲವಾಗುವವರೆಗೆ ಕಾಯಬೇಕು. ಬಾವಿ ಹೆಪ್ಪುಗಟ್ಟಿದ್ದರೆ ನೆನೆಹಾಕಲು, ಮೂರು ಸಲ ತೊಳೆಯಲು ಹಿಮ ಕರಗಿಸಬೇಕು. ಕೊಳದಪ್ಪಲೆ ತುಂಬ ಹಿಮ ಕರಗಿದರೆ ತಳದಲ್ಲಿ ಸ್ವಲ್ಪವೇ ನೀರು. ಅಂದರೆ ಒಂದು ಕೋಳಿಗೆ ಎಷ್ಟು ಬೆರಣಿ ಸುಡಬೇಕೋ!

ಬೇಸಿಗೆಯಲ್ಲಿ ತೊಂದರೆ ಬೇರೆ ಬಗೆಯದು. ಶೋಖೆತ್ ಇಲ್ಲದ ಊರಿಗೆ ದೂರದ ಪಟ್ಟಣದಿಂದ ರೈಲಿನಲ್ಲಿ ಮಾಂಸ ಬರಬೇಕು. ಅದು ಮುದ್ರೆಯೊತ್ತಿ ಬರಬೇಕು, ದಾರಿಯಲ್ಲಿ ಮುದ್ರೆ ಒಡೆದರೆ ನಂಬುವ ಹಾಗಿಲ್ಲ. ಕೊಯ್ದ 72 ಗಂಟೆಯೊಳಗೆ ನೀರು ಹೊಯ್ದಿರಬೇಕು ಅಥವಾ ಉಪ್ಪು ಹಚ್ಚಿ ಮುಗಿದಿರಬೇಕು. ಮೀರಿದರೆ ಒಳಗಿನ ರಕ್ತ ಉಪ್ಪಿಗೆ ಇಳಿಯುವುದಿಲ್ಲ, ಸುಟ್ಟು ಮಾತ್ರ ತಿನ್ನಬೇಕು. ರೈಲು ತಡವಾದರೆ ನಿಲ್ದಾಣದ ಬಿಸಿಲಲ್ಲಿ ಮಾಂಸವೇ ಕೆಡುತ್ತದೆ. ಆದ್ದರಿಂದ ಬೇಸಿಗೆಯ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಊಟ ಅಂದರೆ ಹಾಲು, ಮೊಟ್ಟೆ, ಆಲೂಗಡ್ಡೆ, ಬ್ರೆಡ್. ಅದೇ ರಾಜ್ಯದ ಗ್ರ್ಯಾಂಡ್ ಫೋರ್ಕ್ಸ್‌ ಪಟ್ಟಣದಲ್ಲಿ 1890ರ ದಶಕದ ಆರಂಭದಿಂದ ನೆಲೆಸಿದ್ದ ಯಹೂದಿ ಗುರು ರಬ್ಬಿ ಬೆಂಜಮಿನ್ ಪೇಪರ್‌ಮಾಸ್ಟರ್ ಅವರೇ ಶೋಖೆತ್ ಆಗಿ, ಸುನ್ನತಿ ಮಾಡುವ ಮೊಹೆಲ್ ಆಗಿ ಹೊಲಗಾಡಿನ ಮನೆಗಳಿಗೆ ಅಲೆದವರು. ಗಂಡುಮಗುವಿಗೆ ಎಂಟನೆಯ ದಿನ ಸುನ್ನತಿಯಾಗಬೇಕು. ಬಾಣಂತಿ ಲೆಕ್ಕ ಹಾಕುತ್ತಿದ್ದದ್ದು ರೈಲಿನ ವೇಳಾಪಟ್ಟಿಯನ್ನು. ಎಂಟನೆಯ ದಿನ ಶಬ್ಬಾತ್ ಬಿದ್ದರೂ ನಡೆಸಬಹುದು, ಆದರೆ ಹಿಮಗಾಳಿಗೆ ಸಿಕ್ಕು ಆ ದಿನ ತಪ್ಪಿತೋ, ಮುಂದೂಡಿದ್ದನ್ನು ಶಬ್ಬಾತ್ ದಿನ ಮಾಡುವ ಹಾಗಿಲ್ಲ.

ಕೊಬ್ಬಿನ ವಿಚಾರ ಹೊರಗಿನವರಿಗೆ ಕಾಣುವುದೇ ಇಲ್ಲ. ಆ ಊರುಗಳಲ್ಲಿ ಬಿಸ್ಕತ್ತು, ಕೇಕು, ಕರಿದ ತಿಂಡಿ, ಎಲ್ಲಕ್ಕೂ ಹಂದಿ ಕೊಬ್ಬು. ನೆರೆಯವಳು ಪ್ರೀತಿಯಿಂದ ತಂದುಕೊಟ್ಟ ಸಿಹಿಯನ್ನೂ ಬಾಯಿಗಿಡುವ ಹಾಗಿಲ್ಲ, ಬೇಡ ಎಂದರೆ ಅವಳ ಮನಸ್ಸು ನೋಯುತ್ತದೆ. ಬೆಣ್ಣೆ ಮಾಂಸದ ಜೊತೆ ಸೇರಬಾರದು. ಉಳಿದದ್ದು ಕೋಳಿಯ, ಬಾತುಕೋಳಿಯ ಕೊಬ್ಬು, ಅದರ ಹೆಸರು ಶ್ಮಾಲ್ಟ್ಸ್. ಕೊಬ್ಬನ್ನೂ ಚರ್ಮವನ್ನೂ ಸಣ್ಣಗೆ ಹೆಚ್ಚಿ, ಚೂರು ನೀರು ಹಾಕಿ ಸಣ್ಣ ಉರಿಯಲ್ಲಿಟ್ಟರೆ ಮೊದಲು ನೀರು ಆವಿಯಾಗುತ್ತದೆ, ಆಮೇಲೆ ಕೊಬ್ಬು ತಿಳಿಯಾಗಿ ಬಿಡುತ್ತದೆ. ಚರ್ಮ ಹೊಂಬಣ್ಣಕ್ಕೆ ತಿರುಗುವಾಗ ಈರುಳ್ಳಿ ಹಾಕಿ ಅದು ಕೆಂಪಾದ ಕೂಡಲೇ ಇಳಿಸಬೇಕು. ಉರಿ ಜಾಸ್ತಿಯಾದರೆ ಈರುಳ್ಳಿ ಸೀದು ಇಡೀ ಜಾಡಿ ಕಹಿ. ನೀರಿನಂಶ ಉಳಿದರೆ ಬೇಗ ಮುಗ್ಗುತ್ತದೆ. ನಮ್ಮಲ್ಲಿ ಬೆಣ್ಣೆ ಕಾಯಿಸುವಾಗ ಚಟಪಟ ಸದ್ದು ನಿಲ್ಲುವುದಕ್ಕೆ ಕಿವಿಗೊಡುವ ಹಾಗೆಯೇ ಅವಳೂ ಕಿವಿಗೊಡಬೇಕು. 1911ರಲ್ಲಿ ಸಿನ್ಸಿನಾಟಿಯ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ ಹತ್ತಿಬೀಜದ ಎಣ್ಣೆಯಿಂದ ಮಾಡಿದ ಕ್ರಿಸ್ಕೊ ಮಾರುಕಟ್ಟೆಗೆ ತಂದಾಗ ಯಹೂದಿ ಗೃಹಿಣಿಯರು ಅದನ್ನು ಸ್ವಾಗತಿಸಿದ್ದು ಇದಕ್ಕೇ: ಹಾಲಿಗೂ ಸೇರುತ್ತದೆ, ಮಾಂಸಕ್ಕೂ ಸೇರುತ್ತದೆ, ಸಣ್ಣ ಪೇಟೆಯ ಅಂಗಡಿಯಲ್ಲೂ ಡಬ್ಬದಲ್ಲಿ ಸಿಗುತ್ತದೆ.

ಅಂಗಡಿಗೆ ಬರೋಣ. ಅಂಗಡಿ ಇಟ್ಟರೆ ಸುಖ ಎಂದು ಲೇಖನ ಭಾವಿಸಿದಂತಿದೆ. ಅಂಗಡಿ ಮುಂದೆ, ವಾಸ ಹಿಂದೆ ಅಥವಾ ಮಾಳಿಗೆಯಲ್ಲಿ. ಸುತ್ತಲ ರೈತರಿಗೆ ವರ್ಷವಿಡೀ ಉದ್ರಿ. ಗೋಧಿ ಮಾರಿದ ಮೇಲೆ ತೀರುವಳಿ. ಆಲಿಕಲ್ಲು ಬಿದ್ದರೆ, ತುಕ್ಕುರೋಗ ಬಂದರೆ ರೈತನ ಹೊಲದ ಜೊತೆ ಅಂಗಡಿಯ ಖಾತೆ ಪುಸ್ತಕವೂ ಒಣಗಿತು. ರೈತರ ಹೆಂಡಂದಿರು ಮೊಟ್ಟೆ, ಬೆಣ್ಣೆ ತಂದು ಬದಲಿಗೆ ಸಕ್ಕರೆ, ಕಾಫಿ, ಬಟ್ಟೆ ಒಯ್ಯುತ್ತಿದ್ದರು. ಒಬ್ಬಳ ಬೆಣ್ಣೆ ಚಿನ್ನದಂತೆ, ಇನ್ನೊಬ್ಬಳದರಲ್ಲಿ ಮಜ್ಜಿಗೆ ಉಳಿದು ಹುಳಿ ವಾಸನೆ. ಬೆಲೆ ಕಡಿಮೆ ಹೇಳಿದರೆ ಅವಳ ಮನೆಯ ವ್ಯಾಪಾರವೇ ತಪ್ಪುತ್ತದೆ. ಹಾಗಾಗಿ ಇಬ್ಬರಿಗೂ ಒಂದೇ ದರ ಕೊಟ್ಟು ಕೆಟ್ಟದ್ದರ ನಷ್ಟವನ್ನು ಅಂಗಡಿಯೇ ನುಂಗುವುದು ಆ ಪೇಟೆಗಳ ಸಾಮಾನ್ಯ ರೂಢಿ.

ಮೊಟ್ಟೆಯನ್ನು ದೀಪಕ್ಕೆ ಹಿಡಿದು ನೋಡಬೇಕು. ತೂತು ಕೊರೆದ ತಗಡಿನ ಡಬ್ಬದೊಳಗೆ ದೀಪ. ತೂತಿಗೆ ಮೊಟ್ಟೆ ಒತ್ತಿ ತಿರುಗಿಸಿದರೆ ಒಳಗಿನ ಗಾಳಿಗುಳ್ಳೆ, ಹಳದಿಯ ನೆರಳು ಕಾಣುತ್ತದೆ. ಗುಳ್ಳೆ ದೊಡ್ಡದಾದಷ್ಟೂ ಮೊಟ್ಟೆ ಹಳತು. ಜುಲೈ ಸೆಖೆಯಲ್ಲಿ ಕೆಲವು ದಿನ ಗೂಡಿನಲ್ಲೇ ಉಳಿದ, ಫಲಿತ ಮೊಟ್ಟೆಯಲ್ಲಿ ಕೆಂಪು ಎಳೆಗಳು ಜೇಡರ ಬಲೆಯಂತೆ ಹರಡಿರುತ್ತವೆ. ಅಂಗಡಿಯಲ್ಲಿ ಈ ಪರೀಕ್ಷೆ ಲಾಭನಷ್ಟಕ್ಕೆ. ಅದೇ ಹೆಂಗಸು ಒಳಗೆ ಹೋಗಿ ಮನೆಯ ಅಡುಗೆಗೆ ಮೊಟ್ಟೆ ಒಡೆಯುವಾಗ ಒಂದೊಂದನ್ನೂ ಗಾಜಿನ ಲೋಟಕ್ಕೆ ಒಡೆದು, ರಕ್ತದ ಚುಕ್ಕೆಯಿಲ್ಲವೆಂದು ಖಚಿತ ಮಾಡಿಕೊಂಡು, ಆಮೇಲೆ ಹಿಟ್ಟಿಗೆ ಸುರಿಯುತ್ತಾಳೆ. ನೇರ ಹಿಟ್ಟಿಗೇ ಒಡೆದು ಚುಕ್ಕೆ ಕಂಡರೆ ಹಿಟ್ಟೆಲ್ಲ ಹಾಳು.

ಎಲ್ಲಕ್ಕಿಂತ ಬಿಗಿಯಾದ ಗಂಟು ಶನಿವಾರ. ಈ ಪೇಟೆಗಳಲ್ಲಿ ರೈತರು ಗಾಡಿ ಕಟ್ಟಿಕೊಂಡು ಬರುತ್ತಿದ್ದದ್ದೇ ಶನಿವಾರ. ವಾರದ ವ್ಯಾಪಾರದ ಬಹುಪಾಲು ಅಂದು ಮಧ್ಯಾಹ್ನದಿಂದ ರಾತ್ರಿಯವರೆಗೆ. ಶಬ್ಬಾತ್ ದಿನ ಮಾರುವ ಹಾಗಿಲ್ಲ, ಹಣ ಮುಟ್ಟುವ ಹಾಗಿಲ್ಲ, ಬರೆಯುವ ಹಾಗೂ ಇಲ್ಲ. ಬರೆಯದೆ ಉದ್ರಿ ಹೇಗೆ ಕೊಡುವುದು? ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಐದಕ್ಕೆ ಮುಂಚೆ ಮುಳುಗುತ್ತಾನೆ, ಶಬ್ಬಾತ್ ಮುಗಿಯಿತೆಂಬ ಗುರುತಿಗೆ ಮೂರು ನಕ್ಷತ್ರ ಕಂಡ ಮೇಲೆ ಬಾಗಿಲು ತೆರೆದರೂ ಸಂಜೆಯ ವ್ಯಾಪಾರ ಸಿಗುತ್ತದೆ. ಜೂನ್‌ನಲ್ಲಿ ನಕ್ಷತ್ರ ಕಾಣುವ ಹೊತ್ತಿಗೆ ರಾತ್ರಿ ಒಂಬತ್ತು ದಾಟಿರುತ್ತದೆ. ಗಾಡಿಗಳು ಎದುರಿನ ಅಂಗಡಿಯಲ್ಲಿ ತುಂಬಿಕೊಂಡು ಹೊರಟಿರುತ್ತವೆ. ಭಾನುವಾರ ಊರಿನ ಚರ್ಚಿನ ದಿನ, ಅಂದೂ ತೆರೆಯಲಾಗದು. ಎರಡು ದಿನ ಮುಚ್ಚಿ ಬದುಕುವಷ್ಟು ಲಾಭ ಸಣ್ಣ ಪೇಟೆಯಲ್ಲಿಲ್ಲ. ಕೊನೆಗೆ ಹೆಚ್ಚಿನವರು ಶನಿವಾರ ತೆರೆದರು. ಗಂಡ ಗಲ್ಲಾಪೆಟ್ಟಿಗೆಯ ಮುಂದೆ ನಿಂತ; ಹೆಂಡತಿ ಶುಕ್ರವಾರ ಸೂರ್ಯಾಸ್ತಕ್ಕೆ 18 ನಿಮಿಷ ಮುಂಚೆ ದೀಪ ಹಚ್ಚುವುದನ್ನು ಬಿಡಲಿಲ್ಲ. ಇದನ್ನು ಧರ್ಮ ಬಿಟ್ಟರು ಎಂದು ಸುಲಭವಾಗಿ ಬರೆಯಬಾರದು. ಅಂಗಡಿಯಲ್ಲಿ ಉಳಿಸಲಾಗದ್ದನ್ನು ಅಡುಗೆಮನೆಯಲ್ಲಿ ಉಳಿಸಿಕೊಂಡರು.

ಹೊಲದಲ್ಲಿದ್ದವಳಿಗೆ ಇದೇ ಗಂಟು ಒಕ್ಕಣೆಯ ಕಾಲದಲ್ಲಿ. ಯಹೂದಿ ಪಂಚಾಂಗ ನಮ್ಮದರಂತೆಯೇ ಚಾಂದ್ರಮಾಸದ್ದು, 19 ವರ್ಷಕ್ಕೆ 7 ಅಧಿಕ ಮಾಸ. ಹಾಗಾಗಿ ಹೊಸವರ್ಷ ಮತ್ತು ಉಪವಾಸದ ಯೋಮ್ ಕಿಪ್ಪುರ್ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಹಿಂದೆಮುಂದೆ ಆಗುತ್ತವೆ. ಡಕೋಟಾದಲ್ಲಿ ಒಕ್ಕಣೆಯೂ ಆಗಲೇ. ಉಗಿಯಂತ್ರ ಸರದಿಯ ಮೇಲೆ ಹೊಲದಿಂದ ಹೊಲಕ್ಕೆ ಬರುತ್ತದೆ. ನಿಮ್ಮ ಸರದಿ ಯೋಮ್ ಕಿಪ್ಪುರ್ ದಿನ ಬಿದ್ದರೆ ಬೇಡ ಎನ್ನುವ ಹಾಗಿಲ್ಲ, ಎಂದರೆ ಸಾಲಿನ ಕೊನೆಗೆ, ಅಷ್ಟರಲ್ಲಿ ಮಳೆಯೋ ಹಿಮವೋ. ಇಪ್ಪತ್ತಕ್ಕೂ ಹೆಚ್ಚು ಆಳುಗಳಿಗೆ ಬೆಳಗಿನ ತಿಂಡಿ, ಹತ್ತು ಗಂಟೆಯ ಕಾಫಿ, ಮಧ್ಯಾಹ್ನದ ಊಟ, ಸಂಜೆಯ ಕಾಫಿ, ರಾತ್ರಿಯ ಊಟ. ಆಳುಗಳಿಗೆ ಹಂದಿಮಾಂಸ ರೂಢಿ, ಮಾಂಸದ ಪಕ್ಕದಲ್ಲೇ ಬೆಣ್ಣೆಯೂ ಬೇಕು. ಇವಳ ಮನೆಯಲ್ಲಿ ಎರಡೂ ಆಗದು. ಊಟ ಸಪ್ಪೆ ಎಂದು ಒಮ್ಮೆ ಹೆಸರು ಕೆಟ್ಟರೆ ಮುಂದಿನ ವರ್ಷ ಆಳುಗಳು ಸಿಗುವುದಿಲ್ಲ.

ಹುದುಗು ಬಂದ ಧಾನ್ಯದ ತಿನಿಸು ಮುಟ್ಟಬಾರದ ಪೆಸಹ್ ಹಬ್ಬದ ಸಿದ್ಧತೆ ತಿಂಗಳ ಮುಂಚೆಯೇ ಶುರು. ಸಿಪ್ಪೆ ಹೆರೆದು ಹೆಚ್ಚಿದ ಬೀಟ್‌ರೂಟನ್ನು ಭರಣಿಗೆ ತುಂಬಿ, ಮುಳುಗುವಷ್ಟು ನೀರು ಹಾಕಿ, ಬಟ್ಟೆ ಕಟ್ಟಿ, ಮೂರು ನಾಲ್ಕು ವಾರ ಹುಳಿ ಬರಿಸಬೇಕು. ವಾರಕ್ಕೊಮ್ಮೆ ಮೇಲಿನ ಬಿಳಿ ಕೆನೆ ತೆಗೆಯದಿದ್ದರೆ ಬೂಸ್ಟು ಒಳಗಿಳಿಯುತ್ತದೆ. ಮಾತ್ಸಾ ಎಂಬ ಹುದುಗಿಲ್ಲದ ರೊಟ್ಟಿ ಪೆಟ್ಟಿಗೆಯಲ್ಲಿ ರೈಲಿಗೆ ಬರುತ್ತಿತ್ತು. ಸಿನ್ಸಿನಾಟಿಯಲ್ಲಿ 1888ರಲ್ಲಿ ಆರಂಭವಾದ ಮನಿಶೆವಿಟ್ಜ್ ಅದನ್ನು ಯಂತ್ರದಲ್ಲಿ ಚೌಕಾಕಾರವಾಗಿ ತಯಾರಿಸುತ್ತಿತ್ತು, ಅಡುಕಿ ಕಳಿಸಲು ಅನುಕೂಲ. ಕಬ್ಬಿಣದ ಪಾತ್ರೆಯನ್ನು ಶುದ್ಧಗೊಳಿಸಲು ನೀರು ಕುದಿಯುವಾಗ ಕೆಂಪಗೆ ಕಾಯಿಸಿದ ಕಲ್ಲನ್ನು ಹಾಕಿ, ನೀರು ಉಕ್ಕಿ ಅಂಚಿನ ಮೇಲೂ ಹರಿಯುವಂತೆ ಮಾಡಬೇಕು. ಮಣ್ಣಿನ ಪಾತ್ರೆಗೆ ಶುದ್ಧಿಯೇ ಇಲ್ಲ.

ಮುಟ್ಟಿನ ನಂತರದ ಸ್ನಾನದ ವಿಷಯವನ್ನು ಪತ್ರಿಕೆಯಲ್ಲಿ ಬರೆಯಲು ಹಿಂಜರಿಕೆ ಬೇಡ, ಯಾಕೆಂದರೆ ದೂರದ ಊರುಗಳಲ್ಲಿ ಬದುಕಿದವರಿಗೆ ಅದೇ ದೊಡ್ಡ ಸಂಕಟ. ಮಿಕ್ವೆ ಎಂಬ ಆ ಕೊಳದಲ್ಲಿ ಮಳೆಯ ಅಥವಾ ಒರತೆಯ ನೀರು ತಾನಾಗಿ ಹರಿದು ತುಂಬಿರಬೇಕು. ಒಂದು ರೂಢಿಯ ಲೆಕ್ಕದಲ್ಲಿ ಸುಮಾರು 750 ಲೀಟರ್. ಕೊಡದಲ್ಲಿ ಸೇದಿ ತುಂಬಿದ ತೊಟ್ಟಿ ಲೆಕ್ಕಕ್ಕಿಲ್ಲ. ಕೆರೆ ಆಗುತ್ತದೆ, ಆದರೆ ಅಲ್ಲಿನ ಕೆರೆಗಳು ಚಳಿಗಾಲದ ತಿಂಗಳುಗಟ್ಟಲೆ ಕಲ್ಲಾಗಿರುತ್ತವೆ. ಶಾಸ್ತ್ರದಲ್ಲೊಂದು ದಾರಿಯಿದೆ: ಹಿಮವನ್ನೂ ಮಂಜುಗಡ್ಡೆಯನ್ನೂ ಕೈಯಿಂದ ತಂದು ಗುಂಡಿಗೆ ಹಾಕಿ ಕರಗಲು ಬಿಟ್ಟರೆ ಅದು ಸೇದಿದ ನೀರಾಗುವುದಿಲ್ಲ. ಅಷ್ಟು ಹಿಮ ಹೊತ್ತು ತಂದು, ಕರಗಿಸಿ, ಬೆಚ್ಚಗೆ ಮಾಡಿಕೊಳ್ಳುವ ಉರುವಲಿನ ಲೆಕ್ಕ ಮಾತ್ರ ಮತ್ತೆ ಅಲ್ಲಿಗೇ ಬರುತ್ತದೆ.

ಪ್ರಾರ್ಥನೆಗೆ ಹತ್ತು ಗಂಡಸರು ಬೇಕು, ಪೇಟೆಯಲ್ಲಿ ನಾಲ್ಕು ಮನೆ. ಯಿದ್ದಿಷ್ ಪತ್ರಿಕೆ ಅಂಚೆಯಲ್ಲಿ ಬರುತ್ತಿತ್ತು. ಯಹೂದಿ ರೈತರಿಗಾಗಿ 1908ರಿಂದ ಯಿದ್ದಿಷ್‌ನಲ್ಲೇ ಒಂದು ಬೇಸಾಯದ ಮಾಸಪತ್ರಿಕೆ ಕೂಡ ಇತ್ತು. ಆದರೆ ಹೆಣ್ಣುಮಕ್ಕಳು ಮದುವೆ ವಯಸ್ಸಿಗೆ ಬಂದಾಗ ಪತ್ರಿಕೆಯಿಂದ ಗಂಡು ಸಿಗುವುದಿಲ್ಲ. ಹೊಲ ಕೈಗೆ ಬಂದು, ಅಂಗಡಿ ನಡೆಯುತ್ತಿದ್ದಾಗಲೂ ಮನೆಗಳು ಮಿನಿಯಾಪೊಲಿಸ್‌ನಂಥ ನಗರಗಳಿಗೆ ಎದ್ದು ಹೋದವು. ಬೇಸಾಯ ಸೋತಿತೆಂದು ಇದನ್ನು ಹೇಳುವುದಾದರೆ, ಅದೇ ವರ್ಷಗಳಲ್ಲಿ ಅದೇ ಬಯಲನ್ನು ಬಿಟ್ಟುಹೋದ ಬೇರೆ ಎಲ್ಲ ಜನಗಳ ಬಗ್ಗೆಯೂ ಹೇಳಬೇಕಾಗುತ್ತದೆ.

ಕೊನೆಯದಾಗಿ ಚಿತ್ರದ ಅಡಿಬರಹದ ಬಗ್ಗೆ. ಗೋರಿಕಲ್ಲಿನ ಮೇಲಿನ ಎರಡು ಹೀಬ್ರೂ ಅಕ್ಷರಗಳನ್ನು ಸತ್ತವರ ಹೆಸರಿನ ಮೊದಲಕ್ಷರ ಎಂದು ಮುದ್ರಿಸಲಾಗಿದೆ. ಅವು ಎಷ್ಟೋ ಯಹೂದಿ ಗೋರಿಗಳ ಮೇಲೆ ಇರುವ 'ಪೆ', 'ನೂನ್' ಅಕ್ಷರಗಳು. 'ಇಲ್ಲಿ ಹುಗಿಯಲಾಗಿದೆ' ಎಂಬುದರ ಸಂಕ್ಷೇಪ. ಹೆಸರು ಅದರ ಕೆಳಗಿರುತ್ತದೆ: ಇಂಥವಳು, ಇಂಥವನ ಮಗಳು ಎಂದು. ಹೆಂಗಸರ ಕಲ್ಲಿನ ಮೇಲೆ ಹಲವು ಕಡೆ ಜೋಡಿ ದೀಪಸ್ತಂಭ ಕೆತ್ತಿರುತ್ತಾರೆ. ಶುಕ್ರವಾರ ಸಂಜೆಯ ದೀಪಗಳು ಅವು. ಆಶ್ಲಿಯ ಉತ್ತರದ ಹೊಲಗಳ ನಡುವೆ ಉಳಿದಿರುವ ಯಹೂದಿ ರೈತರ ಸ್ಮಶಾನ ಈಗ ಅಮೆರಿಕದ ರಾಷ್ಟ್ರೀಯ ಚಾರಿತ್ರಿಕ ತಾಣಗಳ ಪಟ್ಟಿಯಲ್ಲಿದೆ. ಅಡಿಬರಹವನ್ನು ಮುಂದಿನ ಪುರವಣಿಯಲ್ಲಿ ದಯವಿಟ್ಟು ತಿದ್ದಿ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು,
ಫಾರ್ಗೊ, ಉತ್ತರ ಡಕೋಟಾ